ಮಾಚೇನಹಳ್ಳಿಯಲ್ಲಿ ನಿಲ್ಲುವ ಮೋಟಾರು

ಬೆಳಗಿನಿಂದ ಶಿವಶಂಕರಪ್ಪ ಮೋಟಾರು ಕಾರಿನ ಮುಖ ನೋಡದೆ ಓಡಾಡುತ್ತಿದ್ದ. ಜಗಳವಾಡಿದ ನೆಂಟ ಮನೆ ಬಿಟ್ಟು ಹೋಗದೆ ಅಲ್ಲೇ ಉಳಿದುಕೊಂಡರೆ ಅವನಿದ್ದ ಕಡೆಯನ್ನು ಬಳಸಿಕೊಂಡು ಹೋಗುತ್ತೇವಲ್ಲ, ಹಾಗೆ ಬಚ್ಚಲಿಗೆ ಹೋಗುವಾಗಲೂ ಅಂಗಳದ ಆ ಮೂಲೆಯನ್ನು ಬಿಟ್ಟು ಗೋಡೆಗೆ ಒತ್ತಿಕೊಂಡೇ ನಡೆದ. ಹಿಂದೆ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯ ಗೋಡೆ ಒಡೆಸಿ ಮಾಡಿಸಿದ ಜಾಗದಲ್ಲಿ ಅದು ಹಸಿರು ಮೈ ಮಿರುಗಿಸಿಕೊಂಡು, ಎರಡು ದೀಪಗಳ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಇವತ್ತು ಏನು ಮಾಡಬೇಕೆಂದು ಅದು ಆಗಲೇ ತೀರ್ಮಾನಿಸಿಬಿಟ್ಟಿದೆ, ತನಗೆ ಮಾತ್ರ ಹೇಳುತ್ತಿಲ್ಲ ಎಂದು ಅವನಿಗೆ ಅನ್ನಿಸಿತು. ಗಾಳಿಯಲ್ಲಿ ಹುರುಳಿ ಬೆಂದ ವಾಸನೆ. ಎತ್ತುಗಳನ್ನು ಕೊಟ್ಟು ಎರಡು ವರ್ಷವಾದರೂ ಬೆಳಿಗ್ಗೆ ಎದ್ದರೆ ಆ ವಾಸನೆ ಮೂಗಿಗೆ ಬರುವುದು ತಪ್ಪಿರಲಿಲ್ಲ. ಇಲ್ಲದ ಎತ್ತಿನ ಆಹಾರದ ವಾಸನೆ ಹಿಡಿಯುವ ಮೂಗು ತನ್ನದು, ಇದು ಮನಸ್ಸಿನ ರೋಗ, ಪಾಪ ಮಾಡಿದವರಿಗೆ ಹೀಗೆಲ್ಲ ಆಗುತ್ತದೆ ಎಂದು ಅವನು ಯಾರಿಗೂ ಹೇಳದೆ ನುಂಗಿಕೊಂಡಿದ್ದ. ಶಿವಮೊಗ್ಗದ ಕೋರ್ಟಿನಲ್ಲಿ ಕೊಲೆಗಾರರ ಪರವಾಗಿಯೂ ಎದೆಯೆತ್ತಿ ವಾದಿಸಿದ ವಕೀಲ, ಜೋಡಿ ಎತ್ತಿನ ನೆನಪಿನ ಮುಂದೆ ಬಾಯಿ ಸತ್ತವನಾಗಿದ್ದ.

ಆ ಎತ್ತುಗಳು ಕೆಂದ ಮತ್ತು ಮಾಸ. ಮನೆಯ ಸವಾರಿ ಗಾಡಿಯನ್ನು ಎಳೆಯುತ್ತಿದ್ದವು. ಮೋಟಾರು ಕೊಂಡ ಮೇಲೆ ಗಾಡಿ ಹೊಡೆಯುತ್ತಿದ್ದ ಮಾಚೇನಹಳ್ಳಿಯ ಓಬಯ್ಯನಿಗೇ ಅವನ್ನು ಕೊಟ್ಟು, ‘ನಿಮ್ಮೂರಲ್ಲಿ ಉಳುಮೆ ಮಾಡ್ಕೊಂಡಿರು’ ಎಂದು ಅವು ಹೊರಡುವ ಹಿಂದಿನ ಸಂಜೆಯೇ ಹೇಳಿ ಮುಗಿಸಿ, ಬೆಳಿಗ್ಗೆ ಕೇಸಿನ ನೆಪ ಮಾಡಿ ಮನೆಯಿಂದ ತಪ್ಪಿಸಿಕೊಂಡಿದ್ದ. ಹೆಂಡತಿ ಸುವರ್ಣಮ್ಮ ಒಬ್ಬಳೇ ಬಾಗಿಲಲ್ಲಿ ನಿಂತು ಕಳಿಸಿದ್ದಳು. ಅವತ್ತು ಅವಳು ಉಣ್ಣಲಿಲ್ಲ. ‘ಅಂಗಳದಲ್ಲಿರೋ ಪ್ರಾಣಿಗೆ ಹಾಕಿದ ಮೇಲೆ ನಾನು ಎಲೆ ಹಾಕ್ಕೊಳ್ತಿದ್ದೆ, ಈಗ ಯಾರಿಗೆ ಹಾಕ್ಲಿ?’ ಎಂದಿದ್ದಳು. ಅವನಿಗೆ ರೇಗಿತ್ತು. ಮೋಟಾರಿನ ಮುಂದೆ ಅವಳನ್ನು ಎಳೆದುಕೊಂಡು ಹೋಗಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು ತೋರಿಸಿ, ‘ನೋಡು, ಇದಕ್ಕೂ ಬಾಯಿದೆ. ಬೆಳಿಗ್ಗೆ ಬೆಳಿಗ್ಗೆ ಇದಕ್ಕೆ ನೀರು ಕುಡಿಸೋದು ನಿನ್ನ ಕೆಲಸ. ಇದೂ ಎತ್ತಿನ ಹಾಗೇ ಅಂತ ತಿಳ್ಕೋ’ ಎಂದಿದ್ದ. ಅವಳು ಬಗ್ಗಿ ಆ ಬಾಯೊಳಗೆ ನೋಡಿ ಸಮಾಧಾನಗೊಂಡಂತೆ ಕಂಡಿತ್ತು. ಹೆಂಗಸರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರೆ ಎಲ್ಲವೂ ತಿಳಿಯುತ್ತದೆ ಎಂದು ಅವನೂ ಸಮಾಧಾನಗೊಂಡಿದ್ದ.

ಮೋಟಾರು ಊರೊಳಗೆ ದೊರೆಯ ಹಾಗೆ ಓಡುತ್ತಿತ್ತು. ದುರ್ಗಿಗುಡಿಯ ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಪೇಟೆಗೆ, ಪೇಟೆಯಿಂದ ಮನೆಗೆ. ತುಂಗೆಯ ಸೇತುವೆ ದಾಟಿ ಭದ್ರಾವತಿಯ ದಾರಿ ಹಿಡಿಯಿತೋ, ಅದಕ್ಕೆ ಬೇರೆಯೇ ಬುದ್ಧಿ ಬರುತ್ತಿತ್ತು. ಮಲವಗೊಪ್ಪದಲ್ಲಿ ಕೆಮ್ಮು, ನಿದಿಗೆಯಲ್ಲಿ ಏದುಸಿರು, ಮಾಚೇನಹಳ್ಳಿಯಲ್ಲಿ ಮೂತಿಯಿಂದ ಹಬೆ ಬಿಟ್ಟು, ಸರಿಯಾಗಿ ಓಬಯ್ಯನ ಹೊಲದ ಬದುವಿಗೆ ಬಂದು ನಿಂತುಬಿಡುತ್ತಿತ್ತು. ಓಬಯ್ಯ ನೊಗ ಹೊತ್ತುಕೊಂಡು ಬರುತ್ತಿದ್ದ. ಕೆಂದ ಮತ್ತು ಮಾಸ ಹಿಂದೆ ಬರುತ್ತಿದ್ದವು. ಶಿವಶಂಕರಪ್ಪ ಜರಿಪೇಟ ಸರಿಮಾಡಿಕೊಂಡು ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂರುತ್ತಿದ್ದ. ಮುಂದೆ ನೋಡಿದರೆ ಕಾಣುತ್ತಿದ್ದದ್ದು ಎರಡು ಬಾಲಗಳು. ಕೋರ್ಟಿನ ವರಾಂಡದಲ್ಲಿ ಕಿರಿಯ ವಕೀಲರು ‘ಸಾರ್, ಪೆಟ್ರೋಲು ಒಳ್ಳೇದೋ ಹುಲ್ಲು ಒಳ್ಳೇದೋ?’ ಎಂದು ಗಂಭೀರವಾಗಿ ಕೇಳುತ್ತಿದ್ದರು. ಅವನು ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟು, ಮನೆಗೆ ಬಂದು ಹಲ್ಲು ಕಚ್ಚುತ್ತಿದ್ದ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳು ಶಕುಂತಲಳ ಮದುವೆಯಾದ ಮರುದಿನದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧಿಕಾರಿಯ ಮನೆ, ಮೊದಲ ಸಲ ಗಂಡನ ಮನೆ ತುಂಬುವ ಹುಡುಗಿ, ಮೋಟಾರಿಗೆ ಕನಕಾಂಬರದ ಮಾಲೆ. ಮಾಚೇನಹಳ್ಳಿಯಲ್ಲಿ ಅದು ನಿಂತಿತು. ಮುಹೂರ್ತ ಮೀರುತ್ತದೆಂದು ಜೊತೆಗೆ ಬಂದಿದ್ದ ಗಂಡಿನ ಕಡೆಯವರೇ ಅವಸರ ಮಾಡಿದ್ದರಿಂದ ಓಬಯ್ಯ ಎತ್ತು ಹೂಡಿದ. ಭದ್ರಾವತಿಯಲ್ಲಿ ಬೀಗರ ಬೀದಿ ಮುಟ್ಟಿದಾಗ ಕಾರ್ಖಾನೆ ಬಿಡುವ ಹೊತ್ತು. ಹೂವಿನ ಮಾಲೆ ಹಾಕಿಕೊಂಡು ಎತ್ತಿನ ಹಿಂದೆ ನಿಧಾನವಾಗಿ ಬರುತ್ತಿದ್ದ ಮೋಟಾರನ್ನೂ ಅದರೊಳಗೆ ತಲೆ ತಗ್ಗಿಸಿ ಕೂತಿದ್ದ ಸಾಲಂಕೃತ ಹುಡುಗಿಯನ್ನೂ ನೋಡಿ ಮಸಿ ಮೆತ್ತಿದ ಕೆಲಸಗಾರರು ದಾರಿ ಬಿಟ್ಟು ಕೈಮುಗಿದರು. ತಮಿಳಿನವನೊಬ್ಬ ಓಬಯ್ಯನ ಹತ್ತಿರ ಬಂದು ‘ಎಂದ ಸಾಮಿ?’ ಎಂದು ಭಕ್ತಿಯಿಂದ ಕೇಳಿದ. ಯಾವ ದೇವರು ಎಂದು. ಆ ಬೀದಿಯಲ್ಲಿ ಶಕುಂತಲ ಇವತ್ತಿಗೂ ಎತ್ತಿನ ಮೋಟಾರಿನ ಸೊಸೆ. ಅವಳು ಒಂದು ದಿನವೂ ದೂರಲಿಲ್ಲ. ಬಾಣಂತನಕ್ಕೆ ತವರಿಗೆ ಬಂದಾಗ ರೈಲಿನಲ್ಲಿ ಬಂದಳು, ಅಷ್ಟೆ. ಆದರೆ ಚಿಕ್ಕಂದಿನಿಂದ ಸಣ್ಣದಕ್ಕೂ ಪುಸಕ್ಕೆಂದು ನಗುತ್ತಿದ್ದ ಹುಡುಗಿ ಈಗ ಅಪ್ಪನ ಎದುರಿಗೆ ನಗುತ್ತಿರಲಿಲ್ಲ. ಅವನು ಕೋಣೆಗೆ ಬಂದರೆ ಮಗುವಿನ ಬಟ್ಟೆ ಸರಿಮಾಡುತ್ತ ಕೂರುತ್ತಿದ್ದಳು. ಇವತ್ತು ಅವಳನ್ನೂ ಮಗುವನ್ನೂ ಗಂಡನ ಮನೆಗೆ ಬಿಟ್ಟುಬರಬೇಕು. ಅದೇ ಬೀದಿಯಲ್ಲಿ, ಅದೇ ಮೋಟಾರಿನಲ್ಲಿ, ಅದರದೇ ಕಾಲ ಮೇಲೆ ಹೋಗಿ ನಿಲ್ಲಬೇಕು. ಅದಾಗದಿದ್ದರೆ ಮಗಳ ಮುಖವನ್ನು ಮತ್ತೆ ನೇರ ನೋಡಲಾರೆ ಎಂದು ಅವನಿಗೆ ಗೊತ್ತಿತ್ತು.

‘ಅಪ್ಪಾ, ರೈಲಿಗೇ ಹೋಗೋಣ. ಇನ್ನೂ ಹೊತ್ತಿದೆ’ ಎಂದಳು ಶಕುಂತಲ, ಮಗುವಿಗೆ ಕುಲಾವಿ ಕಟ್ಟುತ್ತ. ಅವನು ಕೇಳಿಸದವನ ಹಾಗೆ ಗಡಿಯಾರಕ್ಕೆ ಕೀಲಿ ಕೊಟ್ಟ.

ಅವನು ಕಾಯುತ್ತಿದ್ದದ್ದು ಓಂಕಾರಪ್ಪನನ್ನು. ಮೋಟಾರು ಮಾರಿದ ಏಜೆಂಟ್. ಪೇಟೆಯಲ್ಲಿ ಗಾಜಿನ ಬಾಗಿಲಿನ ಏಜೆನ್ಸಿ ಇಟ್ಟುಕೊಂಡು, ಬಂದವರಿಗೆಲ್ಲ ಕಾಫಿ ಕುಡಿಸಿ, ಯಾರ ಮಾತಿಗೂ ಇಲ್ಲವೆನ್ನದೆ, ಯಾರ ಕೆಲಸವನ್ನೂ ಮಾಡದ ಮನುಷ್ಯ. ಅವನ ಎದುರು ಶಿವಶಂಕರಪ್ಪನ ವಕೀಲಿ ವಿದ್ಯೆ ಒಮ್ಮೆಯೂ ನಡೆದಿರಲಿಲ್ಲ. ಎತ್ತುಗಳಿಂದ ಎಳೆಸಿಕೊಂಡು ಹೋಗಿ ಏಜೆನ್ಸಿಯ ಮುಂದೆ ನಿಲ್ಲಿಸಿದರೆ, ‘ನಿಂತಿರೋ ಗಾಡೀನ ತಂದು ನಿಲ್ಲುತ್ತೆ ಅಂದ್ರೆ ನಾನೇನು ಹೇಳ್ಲಿ ವಕೀಲ್ರೇ? ನಿಂತಿರೋದು ನಿಂತೇ ಇರುತ್ತೆ. ಓಡ್ತಾ ಇರೋದು ನಿಲ್ಲೋದನ್ನ ತೋರಿಸಿ’ ಎನ್ನುತ್ತಿದ್ದ. ಓಡಿಸಿಕೊಂಡು ಹೋದರೆ, ‘ಓಡ್ತಾ ಇದೆಯಲ್ಲ ಮಾರಾಯ್ರೆ, ಇನ್ನೇನು ಕಷ್ಟ?’ ಎನ್ನುತ್ತಿದ್ದ. ದಾರಿಯಲ್ಲಿ ಕೆಟ್ಟು ನಿಂತಾಗ ಮಾಲೀಕರು ಬಾನೆಟ್ಟಾಗಲಿ ನೀರಿನ ಮುಚ್ಚಳವಾಗಲಿ ಮುಟ್ಟಿದರೆ ಕಂಪನಿಯ ಗ್ಯಾರಂಟಿ ಹೋದ ಹಾಗೆ ಎಂದೂ ಹೇಳಿದ್ದ. ಹಾಗಾಗಿ ಮಾಚೇನಹಳ್ಳಿಯಲ್ಲಿ ಮೋಟಾರು ಬುಸುಗುಡುತ್ತಿದ್ದಾಗ ಶಿವಶಂಕರಪ್ಪ ಗ್ಯಾರಂಟಿಯನ್ನು ಕಾಯುತ್ತ ಬೆನ್ನು ತಿರುಗಿಸಿ ನಿಂತಿರುತ್ತಿದ್ದ. ರಿಪೇರಿಗೆಂದು ಬಿಟ್ಟರೆ ವಾರಗಟ್ಟಲೆ ನೆರಳಲ್ಲಿ ನಿಲ್ಲಿಸಿ, ಮೈ ತೊಳೆದು, ಇದ್ದ ನೀರು ಚೆಲ್ಲಿ ಹೊಸ ನೀರು ತುಂಬಿ ವಾಪಸ್ಸು ಕೊಡುತ್ತಿದ್ದರು. ಆಮೇಲೆ ಒಂದೆರಡು ದಿನ ಎಲ್ಲಿಗೆ ಬೇಕಾದರೂ ಓಡುತ್ತಿತ್ತು. ‘ನಮ್ಮ ಕೈಲಿ ಓಡುತ್ತೆ, ನಿಮ್ಮ ಮನೇಲಿ ಕೆಡುತ್ತೆ. ಗಾಡಿಗೆ ನಿಮ್ಮ ಮನೆ ಇನ್ನೂ ಒಗ್ಗಿಲ್ಲ’ ಎಂದು ಓಂಕಾರಪ್ಪ ಹೊಸ ಸೊಸೆಯ ವಿಷಯ ಮಾತಾಡುವಂತೆ ಹೇಳುತ್ತಿದ್ದ. ಒಮ್ಮೆ ಅಲ್ಲಿನ ಮೆಕ್ಯಾನಿಕ್ ಬಾಬು ಸಾಬ್ ಕೈ ಒರೆಸಿಕೊಳ್ಳುತ್ತ ಬಂದು, ‘ಸಾಹೇಬ್ರೇ, ಆ ನೀರು...’ ಎಂದು ಬಾಯಿ ತೆಗೆದಿದ್ದ. ‘ವಕೀಲ್ರ ಹತ್ರ ನೀರಿನ ಮಾತೇನು ನಿಂದು? ಹೋಗು’ ಎಂದು ಓಂಕಾರಪ್ಪ ಗದರಿದ್ದ. ಬಾಬು ಸಾಬ್ ಮರ್ಯಾದಸ್ಥ; ದೊಡ್ಡವರು ತಮ್ಮ ಗಾಡಿಗೆ ಏನು ಹಾಕಿಕೊಂಡರೂ ತನಗೇನು ಎಂಬಂತೆ ಹೋಗಿಬಿಟ್ಟಿದ್ದ.

ಕೊನೆಗೆ ಶಿವಶಂಕರಪ್ಪನಿಗೆ ಉಪಾಯ ಹೊಳೆದಿತ್ತು. ಓಡುವುದು ನಿಲ್ಲುವುದನ್ನು ಓಂಕಾರಪ್ಪ ಕಣ್ಣಾರೆ ನೋಡಬೇಕು. ‘ಭದ್ರಾವತಿಗೆ ನಮ್ಮ ಜೊತೆ ಬರಬೇಕು, ಮುಂದಿನ ಸೀಟಲ್ಲೇ ಕೂತ್ಕೋಬೇಕು’ ಎಂದು ಕರೆದಿದ್ದ. ಸಾಕ್ಷಿಯಾಗಿ ಕರೆದದ್ದನ್ನು ಆ ಮನುಷ್ಯ ಶುಭಕಾರ್ಯದ ಆಮಂತ್ರಣವೆಂದು ತಿಳಿದು ರೇಷ್ಮೆ ಅಂಗವಸ್ತ್ರ ಹೊದ್ದು, ಮಗುವಿಗೆ ಗಿಲಕಿ ತೆಗೆದುಕೊಂಡು ನಗುನಗುತ್ತ ಬಂದ. ಸುವರ್ಣಮ್ಮ ಕೊಟ್ಟ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ. ಶಿವಶಂಕರಪ್ಪ ಅಂಗಳದಲ್ಲಿ ನಿಂತು ಹ್ಯಾಂಡಲ್ ತಿರುಗಿಸಿದ. ಮೋಟಾರು ಒಂದೇ ಸಲಕ್ಕೆ ಎದ್ದಿತು. ಆ ಸುಳ್ಳು ಹುರುಪಿಗೆ ಅವನ ರಕ್ತ ಕುದಿಯಿತು.

ಸೇತುವೆಯ ಮೇಲೆ ಹೋಗುವಾಗ ತುಂಗೆ ಬಂಡೆಗಳ ನಡುವೆ ಹೊಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಸುವರ್ಣಮ್ಮ ಮೊಮ್ಮಗನಿಗೆ ಎಮ್ಮೆ ತೋರಿಸುತ್ತಿದ್ದಳು. ಶಕುಂತಲ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು ಕೂತಿದ್ದಳು, ಈಗಿನಿಂದಲೇ ಯಾರೋ ನೋಡುತ್ತಿರುವ ಹಾಗೆ. ‘ನೋಡಿ, ಹೆಂಗೆ ಹೋಗ್ತಿದೆ! ಮಾತೆತ್ತಿದ್ರೆ ನಿಲ್ಲುತ್ತೆ ಅಂತೀರಿ’ ಎಂದು ಓಂಕಾರಪ್ಪ ಬಾಗಿಲನ್ನು ಪ್ರೀತಿಯಿಂದ ತಟ್ಟಿದ. ಮಲವಗೊಪ್ಪ ಹಿಂದಾಯಿತು. ಕೆಮ್ಮಲಿಲ್ಲ. ಶಿವಶಂಕರಪ್ಪನ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಕೆಮ್ಮದೆಯೇ ಹೋಗಿಬಿಟ್ಟರೆ? ಈ ಮನುಷ್ಯ ಬೀಗರ ಮನೆಯಲ್ಲಿ ಹೋಳಿಗೆ ತಿಂದು, ವಕೀಲ್ರು ಎರಡು ವರ್ಷದಿಂದ ಸುಮ್ಮನೆ ಗೋಳು ಹುಯ್ಕೊಂಡ್ರು ಎಂದು ಊರಿಗೆಲ್ಲ ಹೇಳುತ್ತಾನೆ. ನಿಲ್ಲಲಿ, ಒಂದು ಗಳಿಗೆ ನಿಲ್ಲಲಿ, ಇವನು ನೋಡಿದ ಮೇಲೆ ಓಡಲಿ ಎಂದು ಬೇಡಿಕೊಳ್ಳುತ್ತಿರುವುದು ತನ್ನ ಮನಸ್ಸೇ ಎಂದು ಗೊತ್ತಾದಾಗ ಅವನು ಬೆಚ್ಚಿದ. ಮದುವೆಯ ಮರುದಿನ ಇದೇ ದಾರಿಯಲ್ಲಿ ಮಗಳು ತಲೆ ತಗ್ಗಿಸಿದಾಗ ಬೈತಲೆಯ ಕುಂಕುಮ ಕಂಡಿತ್ತು, ಮೂಗಿನ ತುದಿಯಿಂದ ಒಂದು ಹನಿ ಕಂಠಿಯ ಮೇಲೆ ಬಿದ್ದಿತ್ತು. ಬೆವರೋ ಕಣ್ಣೀರೋ ಎಂದು ಅವನು ಕೇಳಿರಲಿಲ್ಲ. ಓಡಲಿ, ಶಿವನೇ, ಓಡಲಿ ಎಂದು ತಿದ್ದಿಕೊಂಡ. ಆದರೆ ಮೊದಲ ಅರ್ಜಿ ಆಗಲೇ ದಾಖಲಾಗಿಬಿಟ್ಟಿತ್ತೋ ಏನೋ. ನಿದಿಗೆ ದಾಟುತ್ತಿದ್ದಂತೆ ಮೋಟಾರು ಕೆಮ್ಮಿತು. ಮಾಚೇನಹಳ್ಳಿಯಲ್ಲಿ ಭುಸ್ಸೆಂದು ಹಬೆ ಬಿಟ್ಟು ನಿಂತಿತು.

‘ನೋಡಿದ್ರಾ!’ ಎಂದು ಅವನು ಕೂಗಿದ. ‘ಕಣ್ಣಾರೆ ನೋಡಿದ್ರಾ! ಈಗ ಹೇಳಿ!’ ಗೆದ್ದ ಸಂತೋಷಕ್ಕೆ ಅವನ ಮುಖವೆಲ್ಲ ಅರಳಿತ್ತು. ಹಿಂದೆ ತಿರುಗಿದಾಗ ಮಗಳು ಆ ಮುಖವನ್ನೇ ನೋಡುತ್ತಿದ್ದಳು. ಮಗುವನ್ನು ಎದೆಗೊತ್ತಿಕೊಂಡು ಆ ಕಡೆ ತಿರುಗಿದಳು.

ಬದುವಿನ ಮೇಲೆ ಓಬಯ್ಯ ಆಗಲೇ ನಿಂತಿದ್ದ. ಮಡಿ ಪಂಚೆ ಉಟ್ಟಿದ್ದ. ಕೆಂದ, ಮಾಸ ಎರಡರ ಕೊಂಬಿಗೂ ಹೂವು ಸುತ್ತಿ, ನೊಗ ಹೂಡಿ, ಹಗ್ಗ ಸುತ್ತಿಟ್ಟುಕೊಂಡು ಸಿದ್ಧನಾಗಿದ್ದ. ‘ಸಣ್ಣಮ್ಮಾರು ಇವತ್ತು ಹೋಗ್ತಾರೆ ಅಂತ ಸಂತೇಲಿ ಕೇಳ್ದೆ ಬುದ್ಧಿ. ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಹೊಲದ ಕೆಲಸ ನಾಳೆಗೆ ಹಾಕ್ದೆ’ ಎಂದ. ಅವನಲ್ಲಿ ಒಂದಿಷ್ಟೂ ಕುಚೇಷ್ಟೆಯಿರಲಿಲ್ಲ. ಅದರಿಂದಲೇ ಶಿವಶಂಕರಪ್ಪನಿಗೆ ಹೆಚ್ಚು ಉರಿಯಿತು. ‘ಎತ್ತು ಬೇಡ! ಹೋಗು! ಇವತ್ತು ಏಜೆಂಟ್ರೇ ಇದ್ದಾರೆ, ಅವರೇ ರಿಪೇರಿ ಮಾಡ್ತಾರೆ!’ ಎಂದು ಗುಡುಗಿದ. ರಿಪೇರಿ ಎಂಬ ಮಾತು ಕೇಳಿ ಓಂಕಾರಪ್ಪನ ಮುಖ ಸಣ್ಣದಾಯಿತು. ಎಲ್ಲರೂ ನೋಡುತ್ತಿದ್ದುದರಿಂದ ಬೇರೆ ದಾರಿಯಿಲ್ಲದೆ ಅವನು ಇಳಿದು, ಮೋಟಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ರೇಷ್ಮೆ ಅಂಗವಸ್ತ್ರವನ್ನೇ ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿ ಹಿಂದಕ್ಕೆ ಹಾರಿದ.

ಮೊದಲು ಹಬೆ, ಆಮೇಲೆ ನೊರೆ, ಆಮೇಲೆ ಗಂಜಿಯ ಹಾಗೆ ಮಂದವಾದ ಕಂದು ರಸ ಕೊತಕೊತನೆ ಉಕ್ಕಿ ಹಸಿರು ಬಣ್ಣದ ಮೇಲೆ ಇಳಿಯಿತು. ಬಯಲಿಗೆಲ್ಲ ವಾಸನೆ ಹರಡಿತು. ಹುರುಳಿ. ಚೆನ್ನಾಗಿ ಬೆಂದ ಹುರುಳಿ. ಶಿವಶಂಕರಪ್ಪನಿಗೆ ಮೊದಲು ಆದದ್ದು ನೆಮ್ಮದಿ. ತನ್ನ ಮನಸ್ಸಿಗೆ ರೋಗವಿಲ್ಲ, ವಾಸನೆ ನಿಜವಾಗಿಯೂ ಇದೆ, ಎಲ್ಲರ ಮೂಗಿಗೂ ಬರುತ್ತಿದೆ. ಆಮೇಲೆ ತಿಳಿಯಿತು. ಓಬಯ್ಯ ಹಗ್ಗ ಹಿಡಿಯುವ ಮೊದಲೇ ಎತ್ತುಗಳೆರಡೂ ನೊಗದ ಸಮೇತ ಮುಂದೆ ಬಂದು, ಕೆಳಗೆ ಹರಿದು ಆರಿದ ರಸಕ್ಕೆ ಮೂತಿ ಇಟ್ಟು ನೆಕ್ಕತೊಡಗಿದ್ದವು. ಕೆಂದ ಒಮ್ಮೆ ತಲೆಯೆತ್ತಿ ಹಿಂದಿನ ಸೀಟಿನತ್ತ ನೋಡಿ ಅಂಬಾ ಎಂದಿತು. ಅದಕ್ಕೆ ಆ ಅಡಿಗೆಯ ಕೈ ಗೊತ್ತಿತ್ತು.

‘ಹುರುಳಿ ಕಟ್ಟು!’ ಓಂಕಾರಪ್ಪ ಕುಣಿದಾಡಿದ. ‘ರೇಡಿಯೇಟರಿಗೆ ಹುರುಳಿ ಕಟ್ಟು ಹಾಕಿದ್ದಾರೆ! ನಾನು ಹೇಳ್ಲಿಲ್ವಾ, ಗಾಡೀಲಿ ದೋಷ ಇಲ್ಲ, ಮನೇಲಿದೆ ದೋಷ ಅಂತ! ಯಾರ್ರೀ ಹಾಕಿದ್ದು? ಯಾರು ಆ ಪುಣ್ಯಾತ್ಮರು?’ ಎರಡು ವರ್ಷ ಒಂದು ಸಲವೂ ಆ ಮುಚ್ಚಳದೊಳಗೆ ಇಣುಕದಿದ್ದ ಮನುಷ್ಯ, ಈಗ ತಾನೇ ಕಂಡುಹಿಡಿದವನ ಹಾಗೆ ದಾರಿಹೋಕರನ್ನು ಕೈಬೀಸಿ ಕರೆಯುತ್ತಿದ್ದ.

ಸುವರ್ಣಮ್ಮ ಹಿಂದಿನ ಸೀಟಿನಲ್ಲಿ ಬಿಳಿಚಿಕೊಂಡು ಕೂತಿದ್ದಳು. ಶಿವಶಂಕರಪ್ಪ ಇಳಿದು ಹಿಂದಿನ ಬಾಗಿಲ ಬಳಿ ಹೋಗಿ ಬಗ್ಗಿದ. ‘ಬಾಯಿದೆ ಅಂದ್ರಲ್ಲ ನೀವು’ ಎಂದಳು ಅವಳು, ಅವನಿಗಷ್ಟೇ ಕೇಳುವಂತೆ. ‘ಎತ್ತಿನ ಹಾಗೇ ಅಂದ್ರಿ. ಬರೀ ನೀರು ಹೇಗೆ ಕುಡಿಸ್ಲಿ? ಅಂಗಳದಲ್ಲಿ ನಿಂತ್ಕೊಂಡು ನೋಡ್ತಾ ಇರುತ್ತೆ. ದೂರ ಹೋಗೋ ದಿನ ಒಂದು ಚೆಂಬು ಹೆಚ್ಚಿಗೇನೇ...’ ಅಷ್ಟಕ್ಕೆ ಮಾತು ನಿಂತಿತು. ದೂರ ಹೋಗುವ ದಿನ. ಮದುವೆಯ ಮರುದಿನವೂ ಬೆಳಿಗ್ಗೆ ತಾನೇ ಬೆಲ್ಲ ಬೆರೆಸಿ ಹೆಚ್ಚಿಗೆ ಹಾಕಿದ್ದು ಅವಳಿಗೆ ಆಗ ನೆನಪಾಯಿತು. ನೆನಪಾದದ್ದು ಅವನಿಗೂ ಕಂಡಿತು. ಅವಳ ಕಣ್ಣು ಪಕ್ಕದಲ್ಲಿದ್ದ ಮಗಳ ಕಡೆಗೆ ಹೋಗಿ, ಹೆದರಿ, ವಾಪಸ್ಸು ಬಂತು.

ಅವನು ನೆಟ್ಟಗೆ ನಿಂತ. ಕೋರ್ಟಿನಲ್ಲಿ ಎದ್ದು ನಿಂತಾಗ ಮಾಡುವಂತೆ ಕೋಟಿನ ಗುಂಡಿ ಹಾಕಿಕೊಂಡ. ‘ನಾನು ಹಾಕಿದ್ದು’ ಎಂದ.

ಓಂಕಾರಪ್ಪ ಕುಣಿಯುವುದನ್ನು ನಿಲ್ಲಿಸಿದ. ‘ನೀವಾ? ಬಿ.ಎ., ಬಿ.ಎಲ್. ಓದಿದೋರು?’

‘ನಾನೇ. ದಿನಾ ಬೆಳಿಗ್ಗೆ. ಮೋಟಾರಿಗೆ ಶಕ್ತಿ ಬರಲಿ ಅಂತ. ಎತ್ತಿಗೆ ಬರಲ್ವಾ?’

ಸೇರಿದ್ದ ಜನ ನಗಲು ಬಾಯಿ ತೆರೆದರು. ಅವನ ಮುಖ ನೋಡಿ ತಡೆದುಕೊಂಡರು. ನಾಳೆ ಕೋರ್ಟಿನ ವರಾಂಡ, ನಾಡಿದ್ದು ಇಡೀ ಪೇಟೆ, ಆಮೇಲೆ ತಾನು ಸತ್ತ ಮೇಲೂ ಈ ಕತೆ ಇರುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ವಿಚಿತ್ರವೆಂದರೆ ಅದರಿಂದ ಏನೂ ನೋಯಲಿಲ್ಲ. ‘ಹೂಡು ಓಬಯ್ಯ’ ಎಂದು ಹೇಳಿ, ಸ್ಟೀರಿಂಗ್ ಹಿಡಿದು ಕೂತ. ಓಂಕಾರಪ್ಪ ಪಕ್ಕದಲ್ಲಿ ಕೂತು, ಗ್ಯಾರಂಟಿ ಇನ್ನು ಇಲ್ಲವೆಂದು ಸಮಾಧಾನದ ದನಿಯಲ್ಲಿ ವಿವರಿಸತೊಡಗಿದ. ಎತ್ತುಗಳು ಮೂತಿ ನೆಕ್ಕಿಕೊಳ್ಳುತ್ತ, ಹಬ್ಬದ ಊಟ ಮುಗಿಸಿದವರ ನಡಿಗೆಯಲ್ಲಿ ಹೊರಟವು.

ಭದ್ರಾವತಿಯಲ್ಲಿ ಕಾರ್ಖಾನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಬೀದಿಯ ಎರಡೂ ಕಡೆ ಬಾಗಿಲುಗಳು ತೆರೆದವು. ಒಳಗಿದ್ದವರನ್ನು ಕರೆಯುವ ದನಿ, ತೆಲುಗಿನಲ್ಲಿ ಒಂದು, ತಮಿಳಿನಲ್ಲಿ ಒಂದು. ಬೀಗರ ಮನೆಯ ಮುಂದೆ ಶಕುಂತಲಳ ಅತ್ತೆ ನಂಜಮ್ಮ ಆರತಿ ತಟ್ಟೆ ಹಿಡಿದು, ಬೀದಿಯ ಹೆಂಗಸರ ನಡುವೆ ನಿಂತಿದ್ದಳು. ಎತ್ತುಗಳನ್ನು ನೋಡಿದಳು, ಮೋಟಾರನ್ನು ನೋಡಿದಳು, ಅದರ ಮೂತಿಯಿಂದ ಇಳಿದು ಒಣಗಿದ ಕಂದು ಕಲೆಗಳನ್ನು ನೋಡಿದಳು. ‘ಈ ಸಲಾನೂ ಎತ್ತೇನಾ ಬೀಗರೇ?’ ಎಂದಳು.

‘ಮೋಟಾರಿಂದೇನೂ ತಪ್ಪಿಲ್ಲ ತಾಯಿ’ ಎಂದು ಓಂಕಾರಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ. ‘ವಕೀಲ್ರು ದಿನಾ ಅದಕ್ಕೆ ಹುರುಳಿ ಹಾಕ್ತಿದ್ರಂತೆ!’

‘ಹೌದು’ ಎಂದ ಶಿವಶಂಕರಪ್ಪ. ‘ಮದುವೆ ಮಾರನೇ ದಿನಾನೂ ಹಾಕಿದ್ದೆ. ಅವತ್ತು ನಿಂತದ್ದೂ ನನ್ನಿಂದ್ಲೇ. ಹುಡುಗೀದೇನೂ ಇಲ್ಲ ಅದರಲ್ಲಿ, ನೀವು ಅವಳನ್ನ ಅನ್ನಬಾರದು.’

ನಂಜಮ್ಮ ನಗಲಿಲ್ಲ. ಹಳ್ಳಿಯ ಒಕ್ಕಲುತನದ ಮನೆಯಿಂದ ಕಾರ್ಖಾನೆಯ ಊರಿಗೆ ಬಂದವಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ‘ಬೇಯಿಸಿ ಹಾಕ್ತಿದ್ರೋ, ಹಸೀದೋ?’ ಎಂದು ಕೇಳಿದಳು.

ಎಷ್ಟೋ ಸುಳ್ಳುಸಾಕ್ಷಿಗಳನ್ನು ಇಂಥದೇ ಒಂದು ಸಣ್ಣ ಪ್ರಶ್ನೆಯಿಂದ ಉರುಳಿಸಿದ್ದ ಶಿವಶಂಕರಪ್ಪ ಸ್ಟೀರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದ. ಎತ್ತಿಗೆ ಹುರುಳಿಯನ್ನು ಹೇಗೆ ಕೊಡುತ್ತಾರೆಂದು ಅವನು ಒಂದು ದಿನವೂ ನೋಡಿದ್ದವನಲ್ಲ. ‘ಹಸೀದು...’ ಎಂದ.

‘ಹಸೀದನ್ನ ಯಾರಾದ್ರೂ ಹಾಕ್ತಾರಾ!’ ಹಿಂದಿನ ಸೀಟಿನಿಂದ ಸುವರ್ಣಮ್ಮನ ದನಿ ತಡೆಯಲಾರದೆ ಹೊರಬಿತ್ತು. ‘ಮೆತ್ತಗೆ ಬೇಯಿಸಿ, ಬಟ್ಟೇಲಿ ಎರಡು ಸಲ ಸೋಸಿ, ಸಿಪ್ಪೆ ಗಂಟಲಿಗೆ ಸಿಗದ ಹಾಗೆ ಬರೀ ಕಟ್ಟು ಹಾಕಿದ್ದು!’ ಹೇಳಿದ ಮೇಲೆ ಅವಳ ಕೈ ಬಾಯಿಗೆ ಹೋಯಿತು.

‘ಅದು ಸರಿ ಮತ್ತೆ’ ಎಂದಳು ನಂಜಮ್ಮ, ಮನಸ್ಸಿನ ಅನುಮಾನ ಹೋದವಳಂತೆ. ‘ಹಸೀದು ಹಾಕಿದ್ರೆ ಹೊಟ್ಟೆ ಉಬ್ಬರಿಸಿ ಅವತ್ತೇ ಹೋಗ್ಬಿಡ್ತಿತ್ತು.’ ಮುಂದೆ ಬಂದು ಮಗುವಿಗೂ ತಾಯಿಗೂ ಆರತಿ ಎತ್ತಿದಳು. ಕೈ ತಡೆಯದೆ ಎತ್ತುಗಳಿಗೂ ಎತ್ತಿದಳು, ಮೋಟಾರಿನ ಮೂತಿಗೂ ಎತ್ತಿ ಕುಂಕುಮವಿಟ್ಟಳು. ಓಂಕಾರಪ್ಪ ಸುತ್ತ ನೋಡಿದ. ನಗುವವರು ಯಾರೂ ಸಿಗಲಿಲ್ಲ.

ಆಗ ಹಿಂದಿನ ಸೀಟಿನಲ್ಲಿ ಪುಸಕ್ಕೆಂದು ಸದ್ದಾಯಿತು. ಶಕುಂತಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಮ್ಮನನ್ನು ನೋಡಿದಳು, ಅಪ್ಪನ ಬೆನ್ನನ್ನು ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು. ತಡೆದದ್ದೆಲ್ಲ ಒಡೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ನಗುವಿಗೆ ಮಗು ಬೆದರಿ ಅತ್ತಿತು. ಅದನ್ನು ಅತ್ತೆಯ ಕೈಗೆ ಕೊಟ್ಟು, ಇಳಿದು, ಮುಂದಿನ ಬಾಗಿಲಿಗೆ ಬಂದಳು. ಶಿವಶಂಕರಪ್ಪ ಇನ್ನೂ ಎರಡು ಕೈಯಿಂದಲೂ ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಅವಳು ಒಂದೊಂದೇ ಬೆರಳು ಬಿಡಿಸಿದಳು.

‘ಇಳೀರಿ ಅಪ್ಪಾ’ ಎಂದಳು. ‘ಬಂದ್ವಿ.’